ಕಣ್ಣು ಬರೆಯದೆ ಉಳಿದ ಮೂವರು

"ಹೊಸ್ತಿಲು ದಾಟಬೇಡ ಅಂತ ಎಷ್ಟು ಸಲ ಬಡ್ಕೋಬೇಕೇ ನಿನಗೆ?" ಅಂಜಿನಮ್ಮ ಕಿರಿಸೊಸೆಯ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಆದಿಲಕ್ಷ್ಮಿಯ ಒಂದು ಕಾಲು ಆಗಲೇ ನಡುಮನೆಯಲ್ಲಿತ್ತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ವಾರಗಿತ್ತಿ ಬೈರಮ್ಮಕ್ಕನ ಮುಖ ಕಾಣುತ್ತಿತ್ತು. ಈಗ ಕಂಡದ್ದು ಚಾಪೆಯ ಅಂಚು, ಅರಿಸಿನ ಹಚ್ಚಿದ ಪಾದಗಳು, ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ ಬಟ್ಟೆಯ ಚೂರು, ಅಷ್ಟೆ.

"ಒಂದ್ಸಲ ನೋಡ್ತೀನಿ ಅತ್ತೆ. ದೂರದಿಂದ."

"ಐದು ತಿಂಗಳ ಬಸುರಿ ಹೆಣ ನೋಡ್ತಾಳಂತೆ! ದೊಡ್ಡೋಳಂತೂ ಈ ಮನೆಗೆ ಒಂದು ಕೂಸು ಕೊಡದೆ ಹೋದ್ಲು. ನೀನಾದ್ರೂ ಇರೋದನ್ನ ಉಳಿಸ್ಕೋ."

ಅದು ಬೈಗುಳವೋ ಅಳುವೋ ಆದಿಲಕ್ಷ್ಮಿಗೆ ತಿಳಿಯಲಿಲ್ಲ. ಅತ್ತೆ ಅವಳನ್ನು ಗೊಂಬೆ ಕೋಣೆಯೊಳಕ್ಕೆ ದಬ್ಬಿ, ಬಾಗಿಲನ್ನು ಮುಂದಕ್ಕೆಳೆದುಕೊಂಡು ಹೋದಳು.

ಹಲಸೂರು ಬಜಾರಿನ ಹಿಂದಿನ ಆ ಮನೆಯಲ್ಲಿ ಇದ್ದದ್ದು ನಡುಮನೆ, ಅಡುಗೆಮನೆ ಮತ್ತು ಈ ಕೋಣೆ. ಕೋಣೆಯ ಮುಕ್ಕಾಲು ಭಾಗವನ್ನು ಒಬ್ಬ ಮೇಜರ್ ದೊರೆ ಮಾಡಿಸುತ್ತಿದ್ದ ಪೆಟ್ಟಿಗೆ ನುಂಗಿತ್ತು. ಒಬ್ಬರು ಕಾಲು ಚಾಚಿ ಮಲಗಬಹುದಾದಷ್ಟು ಉದ್ದದ ತೇಗದ ಪೆಟ್ಟಿಗೆ. ಮುಂದುಗಡೆ ಗಾಜು. ಒಳಗೆ ನೂರೈವತ್ತು ವರ್ಷಗಳ ಹಿಂದಿನ ಒಂದು ಬೆಳದಿಂಗಳ ರಾತ್ರಿ. ಇಂಗ್ಲಿಷರು ಬೆಂಗಳೂರಿನ ಕೋಟೆಯನ್ನು ಹಿಡಿದ ರಾತ್ರಿ. ಫಿರಂಗಿ ಏಟಿಗೆ ಬಾಯಿಬಿಟ್ಟ ಗೋಡೆ, ಉರುಳಿದ ಕಲ್ಲುಗಳ ಮೇಲೆ ಹತ್ತುತ್ತಿರುವ ಕೆಂಪು ಕೋಟಿನ ಸಿಪಾಯಿಗಳು, ಮೇಲಿನಿಂದ ತಡೆಯುತ್ತಿರುವ ಸುಲ್ತಾನನ ಕಡೆಯವರು, ಕಂದಕದೊಳಗೆ ಬಿದ್ದವರು. ಒಬ್ಬೊಬ್ಬನೂ ಕಿರುಬೆರಳಿನಷ್ಟು ಎತ್ತರ. ಮರದ ಹೊಟ್ಟಿಗೆ ಹುಣಸೆಬೀಜದ ಅಂಟು ಕಲಸಿ ಮಾಡಿದ ಮೈ. ಸಾಸಿವೆಗಿಂತ ಚಿಕ್ಕ ಕಣ್ಣು.

ಆ ಕಣ್ಣುಗಳನ್ನೆಲ್ಲ ಬರೆದವಳು ಈಗ ಬಾಗಿಲ ಆಚೆ ಮಲಗಿದ್ದಳು. ಆದಿಲಕ್ಷ್ಮಿ ಬಾಗಿಲ ಸಂದಿಗೆ ಕಿವಿಯಿಟ್ಟು ಕೂತಳು.

"ಬಳೆ ನಿಲ್ತಾನೇ ಇಲ್ಲ ನೋಡ್ರೀ. ತೊಡಿಸಿದಂಗೆಲ್ಲ ಜಾರಿ ಬೀಳ್ತವೆ." ಇದು ಎದುರುಮನೆಯ ಮಂಜುಳಮ್ಮನ ದನಿ.

"ನಿಲ್ಲೋಕೆ ಕೈಯಲ್ಲಿ ಏನಿದೆ? ಮಣಿಕಟ್ಟು ಹೆಂಗೆ ಜೋತಿದೆ ನೋಡು, ಬಾಳೆಸುಳಿ ಮುರಿದಂಗೆ."

"ಆದ್ರೂ ಮುತ್ತೈದೆಯಾಗಿ ಹೋದ್ಲು ಬಿಡಿ. ಪುಣ್ಯ ಮಾಡಿದ್ಲು."

"ಏನ್ ಪುಣ್ಯನೋ. ಹೊಟ್ಟೇಲಿ ನಿಂತದ್ದು ಒಂದೂ ನೆಲ ಕಾಣಲಿಲ್ಲ. ಆ ಪೆಟ್ಟಿಗೇಲಿ ಮಾತ್ರ ಇಡೀ ದಂಡನ್ನೇ ಹೆತ್ತಿಟ್ಟವಳೆ."

ಯಾರೋ ಕಿಸಕ್ಕೆಂದು, ಕೂಡಲೇ ಅದನ್ನು ಕೆಮ್ಮಾಗಿ ಮಾಡಿಕೊಂಡರು.

"ಒಂದು ಲೋಟ ಕಾಫಿ ಇಡ್ರಮ್ಮಾ ಯಾರಾದ್ರೂ. ಬೆಳಗಿಂದ ಅತ್ತೂ ಅತ್ತೂ ಗಂಟಲು ಒಣಗ್ತು."

"ಹೆಣ ಎತ್ತೋಗಂಟ ಒಲೆ ಹಚ್ಚಂಗಿಲ್ಲ."

"ಹಂಗಾದ್ರೆ ಬೇಗ ಎತ್ತೋಕೆ ಹೇಳಿ!"

ಆದಿಲಕ್ಷ್ಮಿ ಕಿವಿ ತೆಗೆದಳು. ಮೊನ್ನೆ ಮಧ್ಯಾಹ್ನ ಅವಳ ಹೊಟ್ಟೆಯೊಳಗೆ ಮೊದಲ ಸಲ ಏನೋ ಮಿಸುಕಿತ್ತು, ಅಂಗೈಯಲ್ಲಿ ಹಿಡಿದ ಮೀನುಮರಿಯಂತೆ. ಗಂಡನಿಗೂ ಹೇಳದೆ ಓಡಿಬಂದು ಅಕ್ಕನ ಚಾಪೆಯ ಪಕ್ಕ ಕೂತಿದ್ದಳು. ಅಷ್ಟು ಹೊತ್ತಿಗೆ ಅಕ್ಕನಿಗೆ ಮಾತು ನಿಂತಿತ್ತು. ಎಡಗೈಯಿಂದ ತನ್ನ ಸತ್ತ ಬಲಗೈಯನ್ನು ಎತ್ತಿ ತಂದು, ಒಂದು ವಸ್ತುವನ್ನು ಇಡುವಂತೆ, ಅವಳ ಹೊಟ್ಟೆಯ ಮೇಲೆ ಇಟ್ಟಿದ್ದಳು. ಕಣ್ಣು ಮಾತ್ರ ಪೆಟ್ಟಿಗೆಯ ಕಡೆಗಿತ್ತು. ಆಗಲೂ ಗೊಂಬೆಗಳದೇ ಧ್ಯಾನ ಇವಳಿಗೆ ಎಂದು ಆದಿಲಕ್ಷ್ಮಿಗೆ ಒಳಗೊಳಗೇ ಸಿಟ್ಟು ಬಂದಿತ್ತು.

*

ಮೇಜರ್ ದೊರೆ ಬಂದದ್ದು ಎರಡನೆಯ ಮಹಾಯುದ್ಧ ಮುಗಿದ ವರ್ಷದ ದಸರೆಯಲ್ಲಿ. ಬ್ಲಾಕ್‌ಪಳ್ಳಿಯ ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ್ದ ಸಿಪಾಯಿ ಗೊಂಬೆಗಳನ್ನು ನೋಡಿ, ಇದರ ಕಣ್ಣು ಬರೆದವರು ಯಾರು ಎಂದು ವಿಚಾರಿಸಿಕೊಂಡು, ಕಾಕ್ಸ್‌ಟೌನಿನ ಬಂಗಲೆಯಿಂದ ಜಟಕಾದಲ್ಲಿ ಹಲಸೂರಿಗೆ ಬಂದಿದ್ದ. ಆದಿಲಕ್ಷ್ಮಿ ಆಗಿನ್ನೂ ಮದುವೆಯಾಗಿ ಬಂದ ಹೊಸತು. ಬಾಗಿಲ ಮರೆಯಲ್ಲಿ ನಿಂತು ದೊರೆಯ ಕೆಂಪು ಕಿವಿಗಳನ್ನು ನೋಡಿ ನಕ್ಕಿದ್ದಳು.

ತನ್ನ ಮುತ್ತಜ್ಜ ಆ ಕೋಟೆಯ ಲಡಾಯಿಯಲ್ಲಿದ್ದನೆಂದೂ, ಊರಿಗೆ ಹೋಗುವ ಮೊದಲು ಆ ರಾತ್ರಿಯನ್ನು ಒಂದು ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ಹೋಗಬೇಕೆಂದೂ ದೊರೆ ಹೇಳಿದ. ಒಂದು ಹಳೆಯ ಚಿತ್ರವನ್ನು ಬಿಚ್ಚಿ ತೋರಿಸಿದ. ಬೈರಮ್ಮನ ಗಂಡ, ಭಾವ ಮುನಿವೆಂಕಟಪ್ಪ ಒಪ್ಪಿಕೊಂಡ. ಪೆಟ್ಟಿಗೆ, ಕೋಟೆ, ಕಂದಕ ಎಲ್ಲ ಅವನದು. ಆದಿಲಕ್ಷ್ಮಿಯ ಗಂಡ ಶ್ರೀರಾಮಪ್ಪ ಮೈಗಳನ್ನು ಅಚ್ಚಿಗೆ ಹಾಕಿ ತೆಗೆಯುತ್ತಿದ್ದ. ಬಣ್ಣ ಮತ್ತು ಕಣ್ಣು ಬೈರಮ್ಮನದು. ಆ ಮನೆತನದಲ್ಲಿ ಮೊದಲಿನಿಂದಲೂ ಹಾಗೆಯೇ: ಮೈ ಗಂಡಸರದು, ಕಣ್ಣು ಹೆಂಗಸರದು.

"ಊರು ನಮ್ದು, ಸೋತೋರು ನಮ್ಮೋರು, ಪೆಟ್ಟಿಗೆ ಮಾತ್ರ ಅವನ್ದು," ಎಂದು ಬೈರಮ್ಮ ಮೊದಲ ಸಿಪಾಯಿಯ ಕೋಟಿಗೆ ಕೆಂಪು ಹಚ್ಚುತ್ತ ಅಂದಿದ್ದಳು. ಆಮೇಲೆ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡು, "ಏನ್ರೀ, ಕೋಟೆ ಒಳಗೆ ಹೆಂಗಸರೇ ಇರ್ಲಿಲ್ವಾ?" ಎಂದು ಗಂಡನನ್ನು ಕೇಳಿದ್ದಳು.

"ಚಿತ್ರದಲ್ಲಿ ಇಲ್ವಲ್ಲ."

"ಚಿತ್ರ ಬರೆದೋನು ಒಳಗಿದ್ನಾ ಹೊರಗಿದ್ನಾ?"

ಮುನಿವೆಂಕಟಪ್ಪ ಉಳಿ ಮಸೆಯತೊಡಗಿದ್ದ. ಬೈರಮ್ಮ ಬಿಡಲಿಲ್ಲ. ಮಿಕ್ಕ ಹೊಟ್ಟಿನಲ್ಲಿ ತಾನೇ ಮೂವರು ಹೆಂಗಸರನ್ನು ತಿದ್ದಿ, ಒಣಗಲು ಗೂಡಿನಲ್ಲಿಟ್ಟಳು. ಒಬ್ಬಳ ತಲೆಯ ಮೇಲೆ ಗಂಟು. ಒಬ್ಬಳು ಹಿಂದಕ್ಕೆ ತಿರುಗಿ ನೋಡುತ್ತ ಓಡುತ್ತಿದ್ದಾಳೆ. ಒಬ್ಬಳ ಕಂಕುಳಲ್ಲಿ ಕೂಸು.

ಅವಳು ಕಣ್ಣು ಬರೆಯುವುದನ್ನು ನೋಡುವುದೇ ಆದಿಲಕ್ಷ್ಮಿಗೆ ಒಂದು ಹಬ್ಬ. ಗೊಂಬೆಯನ್ನು ಮೂಡಲಿಗೆ ತಿರುಗಿಸಿ, ಎಡಗೈ ಬೆರಳುಗಳಲ್ಲಿ ಹೂವಿನಂತೆ ಹಿಡಿದು, ಗೋಂದಿನ ನೀರಿನಲ್ಲಿ ಅರೆದ ಸಫೇದ ಎಂಬ ಬಿಳಿ ಬಣ್ಣದೊಳಗೆ ಅಳಿಲುಕೂದಲಿನ ಕುಂಚ ಅದ್ದುತ್ತಿದ್ದಳು. ಬಿಳಿ ಹಚ್ಚುವ ಮುಂಚೆ ಕುಂಚವನ್ನು ತುಟಿಗಳ ನಡುವೆ ಇಟ್ಟು ಮೆಲ್ಲಗೆ ಎಳೆದರೆ ಕೂದಲೆಲ್ಲ ಒಂದಾಗಿ ಸೂಜಿಮೊನೆಯಾಗುತ್ತಿತ್ತು. ಒಂದು ಕಣ್ಣಿಗೆ ಒಂದು ಸಲ. ಕಪ್ಪು ಬೊಟ್ಟಿಗೆ ಇನ್ನೊಂದು ಸಲ.

"ನೀರಲ್ಲಿ ಅದ್ದಿದ್ರೆ ಆಗಲ್ವಾ ಅಕ್ಕ?"

"ನೀರು ಕೂದಲನ್ನ ಚದುರಿಸುತ್ತೆ, ಉಗುಳು ಕೂಡಿಸುತ್ತೆ. ನಮ್ಮತ್ತೆ ಹಂಗೇ ಮಾಡ್ತಿದ್ರು, ಅವರತ್ತೇನೂ ಹಂಗೇ." ಬೈರಮ್ಮ ತುಟಿಯ ಮೇಲಿನ ಬಿಳಿಯನ್ನು ನೆಕ್ಕಿಕೊಂಡು ನಕ್ಕಿದ್ದಳು. "ಸಿಹಿ ಇರುತ್ತೆ ಕಣೆ, ಗೊತ್ತಾ? ಸಫೇದ ಸಿಹಿ. ಬೇಸಿಗೆ ಬರಲಿ, ನಿನಗೂ ಕಲಿಸ್ತೀನಿ."

ಬೇಸಿಗೆ ಬಂತು. ಯುಗಾದಿಯ ಹೊತ್ತಿಗೆ ಬೈರಮ್ಮನಿಗೆ ಇನ್ನೊಂದು ಗರ್ಭ ಇಳಿದುಹೋಯಿತು. ರಕ್ತ ನಿಲ್ಲದೆ ದೊಡ್ಡಾಸ್ಪತ್ರೆಗೆ ಸೇರಿಸಿದರು. ವಾಪಸು ಬಂದವಳು ಬೇರೆ ಹೆಂಗಸೇ ಆಗಿದ್ದಳು. ಆದಿಲಕ್ಷ್ಮಿ ಆಸೆಯಿಂದ ಕುಂಚಕ್ಕೆ ಕೈಹಾಕಿದರೆ ಕೈ ಮೇಲೆ ಫಟ್ಟನೆ ಹೊಡೆದಳು.

"ಮುಟ್ಟಬೇಡ. ನಿನ್ನದು ಮೊಂಡು ಕೈ. ಕಸ ಗುಡಿಸೋಕೆ ಲಾಯಕ್ಕು."

"ನೀನೇ ತಾನೇ ಅಕ್ಕ ಕಲಿಸ್ತೀನಿ ಅಂದಿದ್ದು?"

"ಅಂದಿದ್ದೆ. ಈಗ ಇಲ್ಲ ಅಂತೀನಿ. ನಡಿ ಆಚೆಗೆ."

ಅವತ್ತು ಆದಿಲಕ್ಷ್ಮಿ ಹಿತ್ತಲಿಗೆ ಹೋಗಿ ಬಿಕ್ಕಿದ್ದಳು. ಮಕ್ಕಳಿಲ್ಲದವಳ ಹೊಟ್ಟೆಕಿಚ್ಚು, ಮನೆಯಲ್ಲಿ ತನಗೊಬ್ಬಳಿಗೇ ಹೆಸರಿರಬೇಕು ಎಂಬ ಜಂಬ ಎಂದೆಲ್ಲ ಅಂದುಕೊಂಡಿದ್ದಳು. ಸೇಡಿಗೆಂಬಂತೆ ಅಂಟಿಗೆ ತಂದ ಹುಣಸೆಬೀಜಗಳಲ್ಲಿ ನುಣುಪಾದವನ್ನು ಆರಿಸಿ, ಪೊರಕೆ ಕಡ್ಡಿಯನ್ನು ಕಾಡಿಗೆಯಲ್ಲಿ ಅದ್ದಿ, ಯಾರೂ ಇಲ್ಲದಾಗ ಕಣ್ಣು ಬರೆಯತೊಡಗಿದಳು. ಬರೆಬರೆಯುತ್ತ ಬೀಜಗಳು ಅವಳನ್ನು ದಿಟ್ಟಿಸತೊಡಗಿದವು. ಒಂದು ಹಳೆಯ ಕುಡಿಕೆಯಲ್ಲಿ ತುಂಬಿ ಸೌದೆಯ ಹಿಂದೆ ಬಚ್ಚಿಟ್ಟಳು. ಒಂದು ದಿನ ಅಕ್ಕನ ಮುಂದೆ ಸುರಿದು, ಯಾರದ್ದೇ ಮೊಂಡು ಕೈ ಎಂದು ಕೇಳಬೇಕೆಂದಿತ್ತು.

ಆ ದಿನ ಬರುವ ಮೊದಲೇ ಬೈರಮ್ಮನ ಕೈ ಬಿದ್ದುಹೋಯಿತು. ಮೊದಲು ಹೊಟ್ಟೆ ಹಿಡಿದುಕೊಂಡು, ಮಂಡಿಗೆ ಹಣೆಯಿಟ್ಟು ಕೂರುವಳು. ಆಮೇಲೆ ಬಲ ಮಣಿಕಟ್ಟು ಎತ್ತಿದರೂ ಏಳದಾಯಿತು. ಅತ್ತೆ ಮುನೇಶ್ವರನಿಗೆ ಹರಕೆ ಕಟ್ಟಿದಳು. ಬೈರಮ್ಮ ಬಿದಿರು ಸೀಳನ್ನು ಕೈಗೆ ಬಟ್ಟೆಯಿಂದ ಬಿಗಿಸಿಕೊಂಡು, ಎಡಗೈಯ ಆಸರೆ ಕೊಟ್ಟು, ದೊರೆಯ ಸಿಪಾಯಿಗಳಿಗೆ ಕಣ್ಣು ಬರೆದಳು. ಕಂದಕದಲ್ಲಿ ಬಿದ್ದಿರುವ ಹೆಣಗಳಿಗೆ ಯಾಕೆ ಕಣ್ಣು ಎಂದು ಶ್ರೀರಾಮಪ್ಪ ಗೇಲಿ ಮಾಡಿದರೆ, "ಮೊದಲು ಬದುಕಿದ್ರು ತಾನೇ? ಕಣ್ಣು ಕೊಟ್ಟೇ ಮಲಗಿಸ್ತೀನಿ," ಅಂದಳು. ಕುಂಚವನ್ನು ಯಾರ ಕೈಗೂ ಕೊಡಲಿಲ್ಲ.

*

ಹಿತ್ತಲ ಬಾಗಿಲು ಕಿರ್ರೆಂದಿತು. ಹಳೆಯ ಬುರ್ಖಾದ ಮುಸುಕನ್ನು ತಲೆಯ ಮೇಲಕ್ಕೆ ಸರಿಸಿಕೊಂಡು ಬದ್ರುನ್ನೀಸಾ ಒಳಗೆ ಬಂದಳು. ಅವಳು ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ, ಹಿಂದಿನ ಗಲ್ಲಿಯವಳು. ಬೈರಮ್ಮನಿಗೆ ಇದ್ದ ಒಬ್ಬಳೇ ಗೆಳತಿ.

"ಒಬ್ಬಳೇ ಇದ್ದೀಯಾ ಬೇಟಿ? ಒಳ್ಳೇದಾಯ್ತು. ನಿನ್ನ ಹತ್ರ ಒಂದು ಮಾತು ಇದೆ. ಅವಳು ಹೋದ್ಮೇಲೇ ಹೇಳು ಅಂತ ಕಸಂ ಹಾಕ್ಸಿದ್ಲು."

ಆದಿಲಕ್ಷ್ಮಿ ಚಾಪೆಯ ಮೇಲೆ ಜಾಗ ಬಿಟ್ಟಳು. ಬದ್ರುನ್ನೀಸಾ ಕೂರಲಿಲ್ಲ. ಗೋಡೆಯ ಗೂಡಿನಲ್ಲಿದ್ದ ಸಫೇದದ ಬಟ್ಟಲನ್ನು ನೋಡುತ್ತ ನಿಂತಳು.

"ಆವತ್ತು ಆಸ್ಪತ್ರೇಲಿ ಡಾಕ್ಟ್ರಮ್ಮ ಅವಳ ತುಟಿ ಎತ್ತಿ ನೋಡಿದ್ರು. ವಸಡಿನ ಅಂಚಿಗೆ ನೀಲಿ ಗೆರೆ, ಕಾಡಿಗೆ ಎಳೆದಂಗೆ. ಏನು ಕೆಲ್ಸ ನಿಂದು ಅಂದ್ರು. ನಾನೇ ಮಧ್ಯ ನಿಂತು ಹೇಳ್ದೆ, ಗೊಂಬೆಗೆ ಕಣ್ಣು ಬರೀತಾಳೆ ಅಂತ. ಕುಂಚ ಬಾಯಿಗೆ ಇಟ್ಕೋತಾಳಾ ಅಂದ್ರು. ಹೌದು ಅಂದ್ಲು ಇವಳು. ಸಫೇದ ಅಂದ್ರೆ ಸೀಸ ಬೇಟಿ. ಸೀಸದಿಂದ ಮಾಡೋ ಬಣ್ಣ. ದಿನಾ ಇಷ್ಟಿಷ್ಟೇ ಒಳಗೆ ಹೋಗಿ ರಕ್ತಕ್ಕೆ ಸೇರ್ತದೆ. ಮೊದ್ಲು ಹೊಟ್ಟೇಲಿರೋ ಕೂಸನ್ನ ತೆಗೀತದೆ. ಆಮೇಲೆ ಕೈ. ಆಮೇಲೆ ಜೀವ."

ಆದಿಲಕ್ಷ್ಮಿಯ ನೋಟವೂ ಆ ಬಟ್ಟಲಿಗೆ ಹೋಯಿತು. "ಅಕ್ಕ ಯಾರಿಗೂ ಹೇಳ್ಲಿಲ್ಲ."

"ಯಾರಿಗೆ ಹೇಳ್ತಾಳೆ? ನಿನ್ನ ಅತ್ತೆಗಾ? 'ನನ್ನ ಮಕ್ಕಳನ್ನ ನಾನೇ ನೆಕ್ಕಿ ತಿಂದೆ ಅಂತಾರೆ ಬೂಬು, ಬೇಡ' ಅಂದ್ಲು ನನಗೆ."

"ಗೊತ್ತಾದ್ಮೇಲಾದ್ರೂ ಬಿಡಬಹುದಿತ್ತಲ್ಲ?"

ಬದ್ರುನ್ನೀಸಾ ಬಟ್ಟಲಿನಿಂದ ಅವಳ ಕಡೆ ತಿರುಗಿದಳು. "ಅವಳು ಬಿಟ್ಟಿದ್ರೆ ಕುಂಚ ಯಾರ ಕೈಗೆ ಬರ್ತಿತ್ತು?"

ನಡುಮನೆಯಲ್ಲಿ ಯಾರೋ ಹೊಸಬರು ಬಂದರೆಂದು ಕಾಣುತ್ತದೆ, ಅಳು ಒಮ್ಮೆಗೇ ಏರಿ ಇಳಿಯಿತು. ಆದಿಲಕ್ಷ್ಮಿ ತನ್ನ ಬಲಗೈಯನ್ನು ಮಡಿಲಲ್ಲಿ ಮಗುಚಿ ನೋಡಿಕೊಂಡಳು. ಅಂದು ಫಟ್ಟನೆ ಬಿದ್ದ ಏಟು ಅಲ್ಲೆಲ್ಲೋ ಇನ್ನೂ ಚುರುಗುಟ್ಟುತ್ತಿರುವಂತೆ ತೋರಿತು. ಮೊಂಡು ಕೈ. ಅಕ್ಕ ಅದನ್ನು ಎಷ್ಟು ಸಲ ಅಂದಿದ್ದಳು! ನೆಂಟರ ಮುಂದೆ, ಗಂಡನ ಮುಂದೆ, ಊಟಕ್ಕೆ ಕೂತಾಗ. ಎಲ್ಲರಿಗೂ ನಂಬಿಕೆಯಾಗುವ ತನಕ.

"ಮುಟ್ಟಬೇಡ ಬೇಟಿ. ಅಷ್ಟೇ ಹೇಳು ಅಂದಿದ್ಲು."

*

ಚಟ್ಟ ಕಟ್ಟಿ ಆಗಿತ್ತು. ತಮಟೆಯವರು ಬೀದಿಯಲ್ಲಿ ಹುಲ್ಲು ಹಚ್ಚಿ ತಮಟೆ ಕಾಯಿಸುತ್ತಿದ್ದರು. ಆಗ ಕುಲದ ಹಿರಿಯ ಮುನಿನಾರಾಯಣಪ್ಪ ಕೇಳಬೇಕಾದ ಮಾತನ್ನು ಕೇಳಿದ. ಗೊಂಬೆ ಮಾಡುವವರ ಮನೆಯಲ್ಲಿ ಹೆಣ ಎತ್ತುವ ಮುಂಚೆ ಅದನ್ನು ಕೇಳಲೇಬೇಕು.

"ಏನಪ್ಪಾ ಮುನಿವೆಂಕಟಾ, ಆಯಮ್ಮ ಕಣ್ಣು ಕೊಡದೆ ಬಿಟ್ಟದ್ದು ಏನಾದ್ರೂ ಉಳಿದಿದೆಯಾ ಮನೇಲಿ?"

ಮುನಿವೆಂಕಟಪ್ಪ ತಲೆ ಎತ್ತಲಿಲ್ಲ. "ಮೂರು ಇದಾವೆ ಮಾವ. ಹೆಂಗಸರವು."

ನಡುಮನೆಯಲ್ಲಿ ಗುಜುಗುಜು ಎದ್ದಿತು. ಮುನಿನಾರಾಯಣಪ್ಪ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. "ಹಂಗಾದ್ರೆ ಎತ್ತಂಗಿಲ್ಲ. ಮೈ ಕೊಟ್ಟವಳು ಕಣ್ಣು ಕೊಡದೆ ಹೋದ್ರೆ ಅವಳಿಗೂ ದಾರಿ ಕಾಣಲ್ಲ. ಈ ಬೀದೀಲೇ ಗೋಡೆ ತಡವ್ತಾ ತಿರುಗ್ತಾಳೆ. ನಮ್ಮ ದೊಡ್ಡಪ್ಪ ಸತ್ತಾಗ ಒಂದು ನಂದಿಗೆ ಕಣ್ಣಿರಲಿಲ್ಲ, ಹೊತ್ತು ಮುಳುಗೋವರೆಗೂ ಎತ್ತಲಿಲ್ಲ. ಮನೆ ಹೆಂಗಸರು ಯಾರಾದ್ರೂ ಬರೀರಮ್ಮ."

"ನನ್ನ ಕಣ್ಣೇ ಕಾಣಲ್ಲ, ನಾನೇನು ಬರೀಲಿ?" ಎಂದಳು ಅಂಜಿನಮ್ಮ.

"ಕಿರಿಸೊಸೆ?"

"ಅವಳದ್ದು ಮೊಂಡು ಕೈ ಅಂತಿದ್ಲು ಅತ್ತಿಗೆ," ಎಂದ ಶ್ರೀರಾಮಪ್ಪ.

ಬಾಗಿಲ ಈಚೆ ಆದಿಲಕ್ಷ್ಮಿ ಉಸಿರು ಬಿಟ್ಟಳು. ಅಕ್ಕ ಸತ್ತು ಮಲಗಿಯೂ ಕಾಯುತ್ತಿದ್ದಳು.

ಆದರೆ ಅಂಜಿನಮ್ಮ ದಡಬಡ ಎದ್ದು ಹಿತ್ತಲಿಗೆ ಹೋದ ಸದ್ದಾಯಿತು. ಸೌದೆ ಸರಿಯಿತು. ಬಾಗಿಲು ತೆರೆದು ಒಳಗೆ ಬಂದವಳ ಕೈಯಲ್ಲಿ ಆ ಕುಡಿಕೆ. ಹಿಂದೆಯೇ ಮುನಿನಾರಾಯಣಪ್ಪ, ಅವಳ ಇಬ್ಬರು ಗಂಡುಮಕ್ಕಳು.

"ಮೊಂಡು ಕೈ ಅಂತೆ! ನೋಡಿ ಇಲ್ಲಿ. ಸೌದೆ ತೆಗೆಯುವಾಗ ಸಿಕ್ತು ನನಗೆ. ಬೈರಿಗೆ ಹೇಳಿದ್ರೆ ಉರ್ಕೋತಾಳೆ ಅಂತ ಸುಮ್ಮನಿದ್ದೆ." ಅವಳು ನೆಲದ ಮೇಲೆ ಸುರಿದಳು. ಹುಣಸೆಬೀಜಗಳು ಉರುಳಿ, ಎಲ್ಲ ಕಡೆಯಿಂದಲೂ ಆದಿಲಕ್ಷ್ಮಿಯನ್ನೇ ನೋಡುತ್ತ ನಿಂತವು.

ಮುನಿವೆಂಕಟಪ್ಪ ಬಗ್ಗಿ ಒಂದನ್ನು ಎತ್ತಿಕೊಂಡ. ಬೆಳಕಿಗೆ ಹಿಡಿದ. ಬೆಳಗಿನಿಂದ ಒಣಗಿದ್ದ ಅವನ ಕಣ್ಣಲ್ಲಿ ಮೊದಲ ಸಲ ನೀರು ಬಂತು. "ಬೈರಿ ಬರೆದಂಗೇ ಇದೆ," ಎಂದ.

"ನಾನು ಬರೆಯಲ್ಲ ಭಾವ," ಎಂದಳು ಆದಿಲಕ್ಷ್ಮಿ. "ಅದು ವಿಷ. ಸಫೇದದಲ್ಲಿ ಸೀಸ ಇದೆಯಂತೆ. ಅಕ್ಕ ಹೋಗಿದ್ದೇ ಅದರಿಂದ. ಅಕ್ಕನ ಕೂಸುಗಳೂ."

"ಯಾರೇ ಹೇಳಿದ್ದು?"

"ಡಾಕ್ಟ್ರಮ್ಮ ಹೇಳಿದ್ದು. ನಾನು ಕೇಳಿದೀನಿ," ಎಂದಳು ಮೂಲೆಯಲ್ಲಿದ್ದ ಬದ್ರುನ್ನೀಸಾ.

ಅಂಜಿನಮ್ಮ ಕಿಡಿಕಿಡಿಯಾದಳು. "ಬಣ್ಣ ನೆಕ್ಕಿ ಯಾರಾದ್ರೂ ಸಾಯ್ತಾರಾ? ಆ ಕುಂಚ ನಮ್ಮತ್ತೆ ಬಾಯಲ್ಲಿತ್ತು, ನನ್ನ ಬಾಯಲ್ಲಿತ್ತು. ನಾನು ಸತ್ತಿದ್ದೀನಾ? ಎಂಟು ಹೆತ್ತೆ, ಎರಡು ಉಳಿಸ್ಕೊಂಡೆ. ಏನು ಮಾಡ್ತು ಬಣ್ಣ ನನಗೆ?"

ತಾನು ಹೇಳಿದ್ದು ಅಂಜಿನಮ್ಮನಿಗೆ ಕೇಳಿಸಿದಂತೆ ಕಾಣಲಿಲ್ಲ. ಉಳಿದ ಎರಡು, ಮುನಿವೆಂಕಟಪ್ಪ ಮತ್ತು ಶ್ರೀರಾಮಪ್ಪ, ಅವಳ ಎರಡು ಪಕ್ಕದಲ್ಲಿ ನಿಂತಿದ್ದರು.

"ನೀರಲ್ಲಿ ಅದ್ದಿ ಬರೀಲಿ ಹಂಗಾದ್ರೆ," ಎಂದಳು ಬದ್ರುನ್ನೀಸಾ. "ಬಾಯಿಗೆ ಯಾಕೆ?"

"ಹೆಂಗಾದ್ರೂ ಬರೀಲಿ," ಎಂದ ಮುನಿನಾರಾಯಣಪ್ಪ. "ಕಣ್ಣು ಕಣ್ಣಾಗಿರಬೇಕು, ಅಷ್ಟೆ. ಕುರುಡು ಕಣ್ಣು ಬಂದ್ರೆ ಅವಳೂ ಕುರುಡಿಯಾಗೇ ಹೋಗ್ತಾಳೆ."

ಶ್ರೀರಾಮಪ್ಪ ಹೆಂಡತಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ದನಿ ತಗ್ಗಿಸಿದ. "ಮೂರೇ ಕಣೆ. ಅತ್ತಿಗೆಗೋಸ್ಕರ. ನೀನೇ ಬೆಳಗಿಂದ ಒಂದ್ಸಲ ಅವರ ಮುಖ ನೋಡ್ಬೇಕು ಅಂತಿದ್ದೆ. ಅದಂತೂ ಆಗಲ್ಲ. ಇದನ್ನಾದ್ರೂ ಮಾಡಿ ಕಳ್ಸು."

ಅವಳು ಕೂತಳು. ಗೂಡಿನಿಂದ ಮೂವರನ್ನೂ ಇಳಿಸಿ, ಹಲಗೆಯ ಮೇಲೆ ಮೂಡಲಿಗೆ ಮುಖಮಾಡಿ ನಿಲ್ಲಿಸಿದರು. ಸೀರೆಗಳಿಗೆ ಅಕ್ಕನೇ ಹಚ್ಚಿದ ಹಸಿರು, ಅರಿಸಿನ, ಕುಂಕುಮದ ಬಣ್ಣ. ಮುಖದಲ್ಲಿ ಮೂಗು, ತುಟಿ ಎಲ್ಲ ಇತ್ತು. ಕಣ್ಣಿರಬೇಕಾದಲ್ಲಿ ಬರೀ ನುಣುಪು. ಬದ್ರುನ್ನೀಸಾ ಬಟ್ಟಲಲ್ಲಿ ನೀರು ತಂದಿಟ್ಟಳು.

ಮೊದಲು ಪೊರಕೆ ಕಡ್ಡಿಯಿಂದ ಬರೆದು ನೋಡಿದಳು. ಕಾಡಿಗೆ ಕಡ್ಡಿಗೆ ಒಪ್ಪುತ್ತಿತ್ತು, ಸಫೇದ ಒಪ್ಪಲಿಲ್ಲ. ತೊಟ್ಟಾಗಿ ನಿಂತು ಕಣ್ಣಿಗಿಂತ ದೊಡ್ಡದಾಗಿ ಬಿತ್ತು. ಒರೆಸಿದಳು. ಕುಂಚವನ್ನು ನೀರಲ್ಲಿ ಅದ್ದಿ ಬೆರಳ ನಡುವೆ ಹಿಂಡಿದಳು. ಹಳೆಯ ಕೂದಲು ಒಂದು ಕ್ಷಣ ಕೂಡಿ, ಬಣ್ಣ ಮುಟ್ಟುತ್ತಲೇ ಪೊರಕೆಯಾಯಿತು. ಗಂಟು ಹೊತ್ತವಳ ಎಡಗಣ್ಣು ಕೆನ್ನೆಯ ತನಕ ಹರಡಿತು. ಬಟ್ಟೆಯ ತುದಿಯಿಂದ ಒರೆಸಿದರೆ ಮುಖದ ಬಣ್ಣವೂ ಕಿತ್ತು ಬಂತು. ಮತ್ತೆ ಅದ್ದಿದಳು. ಮತ್ತೆ ಹರಡಿತು.

"ಹೊತ್ತಾಗ್ತಾ ಇದೆ ತಾಯಿ," ಎಂದ ಮುನಿನಾರಾಯಣಪ್ಪ, ಬೈಯದೆ.

"ಹಂಗೆ ಕೆಡಿಸಿದ್ರೆ ಆ ಮುಖ ಉಳಿಯಲ್ಲ," ಎಂದ ಮುನಿವೆಂಕಟಪ್ಪ. "ಅವಳು ತಿದ್ದಿದ ಮುಖ ಅದು. 'ಇವು ಮೂರು ದೊರೆಗಲ್ಲ, ನನ್ನವು' ಅಂತಿದ್ಲು."

ನಡುಮನೆಯಿಂದ ಮಂಜುಳಮ್ಮನ ದನಿ ಬಂತು: "ಇನ್ನೂ ಎಷ್ಟೊತ್ತ್ರೀ? ಇರುವೆ ಹತ್ತುತಾವೆ ಪಾಪ."

ಇರುವೆ. ಆದಿಲಕ್ಷ್ಮಿಗೆ ಅರಿಸಿನದ ಆ ಪಾದಗಳು ಕಂಡವು, ಅವುಗಳ ಮೇಲೆ ಸಾಲು ಕಟ್ಟಿ ಏರುವ ಕೆಂಪಿರುವೆಗಳು ಕಂಡವು. ಗೋಡೆ ತಡವುತ್ತ ಇದೇ ಬೀದಿಯಲ್ಲಿ ಬಾಗಿಲಿಂದ ಬಾಗಿಲಿಗೆ ಹೋಗುವ ಅಕ್ಕ ಕಂಡಳು. ಬಿದ್ದ ಮಣಿಕಟ್ಟಿನಿಂದ ಗೋಡೆ ತಡವುವುದಾದರೂ ಹೇಗೆ? ತನಗಾಗಿ ಕೈ ಕಳೆದುಕೊಂಡವಳನ್ನು ಕುರುಡಿ ಮಾಡಿ ಕಳಿಸಲೇ? ಅಕ್ಕನ ಮಾತು ಉಳಿಸಿದರೆ ಅಕ್ಕ ಉಳಿಯುವುದಿಲ್ಲ. ಅಕ್ಕನನ್ನು ಕಳಿಸಬೇಕೆಂದರೆ ಅಕ್ಕನ ಮಾತು ಮುರಿಯಬೇಕು.

"ಬಾಯಿಗಿಟ್ಕೊಳ್ಳೆ," ಎಂದಳು ಅಂಜಿನಮ್ಮ. ಈಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎಳೆಗೂಸಿಗೆ ತುತ್ತು ತಿನ್ನಿಸುವವಳ ದನಿಯಂತೆ ಮೆತ್ತಗಿತ್ತು. "ಒಂದ್ಸಲ. ಏನೂ ಆಗಲ್ಲ ನನ್ನವ್ವ."

ಬದ್ರುನ್ನೀಸಾ ಮುಸುಕನ್ನು ಮುಖದ ಮೇಲೆ ಎಳೆದುಕೊಂಡಳು. ಬಾಗಿಲು ಕಿರ್ರೆಂದಿತು. ಅವಳು ಹಿತ್ತಲಿಗೆ ಹೋಗಿದ್ದಳು.

ಆದಿಲಕ್ಷ್ಮಿ ಕುಂಚವನ್ನು ಬಾಯಿಗಿಟ್ಟಳು.

ಗಂಟು ಹೊತ್ತವಳಿಗೆ ಕಣ್ಣು ಬಂತು. ಬಿಳಿ, ಅದರ ಮೇಲೆ ಕಪ್ಪು ಬೊಟ್ಟು. ಬೊಟ್ಟು ಕೂತ ಕ್ಷಣ ಅಷ್ಟು ಹೊತ್ತು ಹೊಟ್ಟಾಗಿದ್ದದ್ದು ಹೆಂಗಸಾಗಿ, ದಿಗಿಲುಬಿದ್ದು ಆದಿಲಕ್ಷ್ಮಿಯನ್ನು ನೋಡಿತು. ಸುತ್ತ ನಿಂತವರ ಬಾಯಿಂದ ಒಂದೇ ಉಸಿರು ಹೊರಟಿತು. ಹಿಂದಕ್ಕೆ ತಿರುಗಿ ನೋಡುತ್ತಿದ್ದವಳಿಗೆ ಕಣ್ಣು ಓರೆಯಾಗಿ ಬರಬೇಕು, ಅದೂ ಬಂತು.

"ಅದೇ ಕೈ," ಎಂದ ಮುನಿವೆಂಕಟಪ್ಪ. "ಅದೇ ಕೈ ಕಣಮ್ಮಾ."

"ಮುನೇಶ್ವರ ಕಣ್ಣು ಬಿಟ್ಟ," ಎಂದು ಅಂಜಿನಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ದಸರಾ ಹೊತ್ತಿಗೆ ಏನು ಮಾಡೋದು ಅಂತಿದ್ದೆ. ಒಂದು ಕೈ ಬಿದ್ರೆ ಇನ್ನೊಂದು ಕೈ ಕೊಡ್ತಾನೆ."

ಎಲ್ಲರೂ ಎದ್ದರು. ಇನ್ನು ಒಂದೇ ಉಳಿದಿರುವುದು, ಅಷ್ಟರಲ್ಲಿ ಹೆಣ ಚಟ್ಟಕ್ಕೆ ಏರಲಿ ಎಂದು ಮುನಿನಾರಾಯಣಪ್ಪ ಅವಸರಪಡಿಸಿದ. ಬಸುರಿಯ ಗಂಡ ಹೆಗಲು ಕೊಡುವಂತಿಲ್ಲವೆಂದು ಶ್ರೀರಾಮಪ್ಪನನ್ನು ಬೀದಿಯ ಆಚೆಗೆ ನಿಲ್ಲಲು ಕಳಿಸಿದರು. ಅಂಜಿನಮ್ಮ ಕೊನೆಯವಳಾಗಿ ಹೊರಟು, ಬಾಗಿಲಲ್ಲಿ ಹಿಂದಿರುಗಿ ನೋಡಿದಳು.

"ಇತ್ತ ತಿರುಗಬೇಡ. ಬಾಗಿಲು ಹಾಕ್ಕೊಂಡು ಹೋಗ್ತೀನಿ. ಹೆಣದ ನೆರಳು ಹೊಟ್ಟೆ ಮೇಲೆ ಬೀಳಬಾರದು. ಒಳಗಿರೋದರ ಮೇಲೆ ಗ್ಯಾನ ಇರಲಿ."

ಬಾಗಿಲು ಮುಚ್ಚಿತು. ಅಗಳಿ ಬಿತ್ತು. ಆಚೆ ಮುನಿವೆಂಕಟಪ್ಪ ಹೆಂಡತಿಯ ಹೆಸರು ಹಿಡಿದು ಒಮ್ಮೆ ಕೂಗಿದ. ಬೀದಿಯಲ್ಲಿ ತಮಟೆ ಶುರುವಾಯಿತು. ಗಾಜಿನ ಒಳಗೆ ಕೋಟೆ ಬೀಳುತ್ತಲೇ ಇತ್ತು. ಸತ್ತವರು, ಸಾಯಿಸುವವರು ಎಲ್ಲರೂ ಕಣ್ಣು ಬಿಟ್ಟುಕೊಂಡಿದ್ದರು.

ಮೂರನೆಯವಳಿಗೆ ಎರಡು ಕಣ್ಣು ಬರೆದು ಮುಗಿಯಿತು. ಅವಳ ಕಂಕುಳಲ್ಲಿ ಕೂಸಿತ್ತು. ಕೂಸಿನ ಮುಖ ಅವರೆಕಾಳಿನಷ್ಟೂ ಇರಲಿಲ್ಲ. ಅದಕ್ಕೆ ಕುಂಚದ ಮೊನೆ ಒಂದೇ ಕೂದಲಿನಷ್ಟಾಗಬೇಕು. ಆದಿಲಕ್ಷ್ಮಿ ಅದನ್ನು ಮತ್ತೆ ತುಟಿಗಳ ನಡುವೆ ಇಟ್ಟು ಮೆಲ್ಲಗೆ ಎಳೆದಳು.

ಅಕ್ಕ ಹೇಳಿದ್ದು ನಿಜ. ಸಿಹಿಯಾಗಿತ್ತು.